ಬಾಬಿನ್ ಸಾಲಿಗೆ ಅಕ್ಕ ಇಟ್ಟ ಬೊಟ್ಟು

ಒಂದು ಚಿಟಿಕೆ ಕುಂಕುಮಕ್ಕೆ ನಾನು ತೆತ್ತ ಬೆಲೆ ಎರಡು ವರ್ಷದ ಪುಕ್ಕಟೆ ಸರ್ವಿಸ್. ಪೆಟ್ರೋಲು ನನ್ನದು, ಬಿಡಿಭಾಗ ನನ್ನದು, ಫೋನ್ ಬಂದ ಕೂಡಲೇ ಊಟ ಬಿಟ್ಟು ಓಡಬೇಕಾದ ಕಾಲೂ ನನ್ನದೇ. ಹೊಸೂರಿನ ಉಳವರ್ ಸಂದೆಯಲ್ಲಿ, ಅಂದರೆ ರೈತರ ಸಂತೆಯಲ್ಲಿ, ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡಿ, ಮೇಲೊಂದು ಹಿಡಿ ಕರಿಬೇವು ಹಾಕಿಸಿಕೊಂಡು ಬರುವ ಮನುಷ್ಯ ನಾನು. ಅಂಥವನು ಎದುರು ಮಾತಾಡದೆ ಯಾಕೆ ಒಪ್ಪಿಕೊಂಡೆ ಅಂತ ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ. ಆ ಕುಂಕುಮ ಇಟ್ಟವಳು ನನ್ನ ಅಕ್ಕ. ಆ ಹೊತ್ತಿನಲ್ಲಿ ಕಾರ್ಖಾನೆಯಲ್ಲಿ ಅವಳ ಜಾಗ ಉಳಿಯುತ್ತದೋ ಹೋಗುತ್ತದೋ ಎನ್ನುವುದು ಆ ಚಿಟಿಕೆಯ ಮೇಲೆ ನಿಂತುಬಿಟ್ಟಿತ್ತು. ಕಾರಣ ಇಷ್ಟೇ. ಆದರೆ ಇಷ್ಟನ್ನೇ ಹೇಳಿದರೆ ನಿಮಗೆ ಏನೂ ಗೊತ್ತಾಗುವುದಿಲ್ಲ, ಮೊದಲಿಂದ ಹೇಳುತ್ತೇನೆ.

ನನ್ನ ಕಸುಬು ಕಂಟ್ರೋಲ್ ಪ್ಯಾನೆಲ್ ಮಾಡುವುದು. ಮಿಷನ್ನು ಯಾರದೋ, ಮೋಟಾರು ಯಾರದೋ. ಯಾವ ಮೋಟಾರು ಯಾವಾಗ ಎಷ್ಟು ತಿರುಗಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವ ಕಬ್ಬಿಣದ ಪೆಟ್ಟಿಗೆ ಮಾತ್ರ ನಮ್ಮದು. ಮೂಕಂಡಪಲ್ಲಿಯಲ್ಲಿ ಒಂದು ಶೆಡ್ಡು ಇದೆ. ಐಟಿಐ ಮುಗಿಸಿದ ಮೇಲೆ ಬೇರೆಯವರ ಅಂಗಡಿಯಲ್ಲಿ ವೈರಿನ ತುದಿಗೆ ಲಗ್ ಎಂಬ ತಾಮ್ರದ ಬಳೆ ಒತ್ತುತ್ತಾ ಶುರು ಮಾಡಿದವನು. ಮೋಟಾರಿನ ವೇಗ ಹಿಡಿಯುವ ಡ್ರೈವುಗಳನ್ನು, ಸುಟ್ಟುಹೋದವನ್ನೇ, ಗುಜರಿಯಲ್ಲಿ ತೂಕದ ಲೆಕ್ಕಕ್ಕೆ ಕೊಂಡು ತಂದು, ಬಿಚ್ಚಿ, ಎರಡು ಸತ್ತದ್ದರಿಂದ ಒಂದು ಬದುಕಿದ್ದನ್ನು ಮಾಡಿ, ಹಾಗೆ ಕಲಿತೆ. ಕಾಲೇಜಿನಲ್ಲಿ ಕಲಿತವರು ಹಾಳೆಯ ಮೇಲೆ ಬರೆದು ಹುಡುಕುವುದನ್ನು ನಾನು ಕೈಸುಟ್ಟುಕೊಂಡು ಹುಡುಕಿದೆ. ಅವರ ದಾರಿಯೇ ಅಗ್ಗ, ಅವಕಾಶ ಸಿಕ್ಕಿದರೆ ಅದನ್ನೇ ಹಿಡಿಯಿರಿ.

ಐಟಿಐಗೆ ನನ್ನನ್ನು ಸೇರಿಸಿದ್ದು ಅಕ್ಕ. ಅವಳು ನನಗಿಂತ ತುಂಬಾ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಹುರುಳಿಕಾಯಿ ಕಿತ್ತವಳು. ನಮ್ಮೂರು ಬೇರಿಕೆಯ ಕಡೆ. ಆ ರಸ್ತೆಯಲ್ಲಿ ಪ್ಲಾಸ್ಟಿಕ್ ಚೀಲದ ಟೇಪು ತಯಾರಿಸುವ ಕಾರ್ಖಾನೆ ಶುರುವಾದಾಗ ಸುತ್ತಲ ಊರಿನ ಹೆಂಗಸರನ್ನು ಕೆಲಸಕ್ಕೆ ಕರೆಯಲು ವ್ಯಾನು ಬಂತು. ಮೊದಲ ದಿನ ವ್ಯಾನು ಹತ್ತಿದವರಲ್ಲಿ ಅಕ್ಕ ಒಬ್ಬಳು. ಆಮೇಲೆ ಮದುವೆಯಾಗಿ ಮತ್ತಿಗಿರಿಗೆ ಹೋದಳು, ಮಕ್ಕಳಾದವು, ಆ ಮಕ್ಕಳಿಗೂ ಮದುವೆಯಾಯಿತು. ಭಾವ ಲೋಡ್ ಗಾಡಿ ಓಡಿಸುವವರು, ವಾರದಲ್ಲಿ ಅರ್ಧದಷ್ಟು ದಿನ ಮನೆಯಲ್ಲಿರುವುದಿಲ್ಲ. ವ್ಯಾನು ಬದಲಾಯಿತು, ಡ್ರೈವರುಗಳು ಬದಲಾದರು. ಬಲಗಡೆ ಕಿಟಕಿಯ ಪಕ್ಕದ ಸೀಟು ಮಾತ್ರ ಅಕ್ಕನದೇ.

ಗೋಧಿ, ಸಿಮೆಂಟು, ಗೊಬ್ಬರ ತುಂಬುವ ಬಿಳಿ ನೇಯ್ಗೆಯ ಚೀಲ ನೀವು ನೋಡಿದ್ದೀರಿ. ಅದರ ದಾರ ದಾರವಲ್ಲ, ಟೇಪು. ಪ್ಲಾಸ್ಟಿಕ್ಕನ್ನು ಕರಗಿಸಿ ಅಗಲವಾದ ಹಾಳೆ ಮಾಡಿ, ಬ್ಲೇಡುಗಳ ಸಾಲಿನಲ್ಲಿ ಸೀಳಿ, ಬಿಸಿಯಲ್ಲಿ ಎಳೆದು, ಸಣ್ಣ ಪಟ್ಟಿಗಳಾಗಿ ಬಾಬಿನ್‌ಗಳಿಗೆ ಸುತ್ತುತ್ತಾರೆ. ನೂರಾರು ಪಟ್ಟಿ, ನೂರಾರು ಬಾಬಿನ್, ಗೋಡೆಯಂತೆ ಮೇಲಿಂದ ಕೆಳಗೆ ಸಾಲು ಸಾಲು, ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಸಾಲು. ಬಾಬಿನ್ ತುಂಬಿದಾಗ ಹೆಂಗಸರು ಟೇಪು ಕತ್ತರಿಸಿ, ಅದರ ತುದಿಯನ್ನು ಗಾಳಿಯಿಂದ ಒಳಗೆಳೆದುಕೊಳ್ಳುವ ಗನ್ನಿಗೆ ಕೊಟ್ಟು, ತುಂಬಿದ್ದನ್ನು ತೆಗೆದು ಖಾಲಿಯದನ್ನು ಹಾಕಿ, ಮತ್ತೆ ಟೇಪು ಹಚ್ಚಬೇಕು. ಟೇಪು ಯಾರಿಗೂ ಕಾಯುವುದಿಲ್ಲ, ಬರುತ್ತಲೇ ಇರುತ್ತದೆ.

ಇದರಲ್ಲಿ ಪ್ಯಾನೆಲ್ ಮಾಡುವವನ ಪಾಡು ಏನೆಂದರೆ, ಟೇಪು ಬರುವ ವೇಗ ಒಂದೇ, ಆದರೆ ಬಾಬಿನ್ ದಪ್ಪವಾಗುತ್ತ ಹೋಗುತ್ತದೆ. ದಪ್ಪವಾದಷ್ಟೂ ಅದು ನಿಧಾನವಾಗಿ ತಿರುಗಬೇಕು. ಜೋರಾದರೆ ಟೇಪು ಹರಿಯುತ್ತದೆ, ನಿಧಾನವಾದರೆ ಜೋಲು ಬಿದ್ದು ಗಂಟಾಗುತ್ತದೆ. ಅದಕ್ಕೆ ಪ್ರತಿ ಬಾಬಿನ್ ಮುಂದೆ ಒಂದು ಪುಟ್ಟ ತೋಳಿರುತ್ತದೆ, ಡ್ಯಾನ್ಸರ್ ಅನ್ನುತ್ತಾರೆ. ಟೇಪು ಅದರ ಮೇಲೆ ಹಾದು ಹೋಗುತ್ತದೆ. ಬಿಗಿಯಾದರೆ ತೋಳು ಮೇಲೆ, ಸಡಿಲಾದರೆ ಕೆಳಗೆ. ತೋಳಿನ ಹಿಂದೆ ಒಂದು ಸೆನ್ಸರ್ ಕೂತು, ತೋಳು ಎಲ್ಲಿದೆ ಅಂತ ಬೆಳಕು ಹಾಯಿಸಿ ನೋಡಿ ಪ್ಯಾನೆಲ್ಲಿಗೆ ಹೇಳುತ್ತದೆ. ಪ್ಯಾನೆಲ್ಲು ಮೋಟಾರಿಗೆ ಹೇಳುತ್ತದೆ.

ಇದು ನನಗೆ ಮೊದಲ ಸಲ ಅರ್ಥವಾದದ್ದು ಸೀರೆ ಮಡಿಸಿದ ನೆನಪಿನಿಂದ. ಒಗೆದ ಸೀರೆಯ ಒಂದು ಕೊನೆ ಅಕ್ಕನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅವಳು ಎಳೆದರೆ ನಾನು ಸ್ವಲ್ಪ ಬಿಡಬೇಕು; ಅವಳು ಬಿಟ್ಟರೆ ನಾನು ಎಳೆದುಕೊಳ್ಳಬೇಕು. ಸೀರೆ ನೆಲಕ್ಕೆ ತಾಗಬಾರದು, ಕೈಯಿಂದ ಕಿತ್ತುಕೊಂಡೂ ಹೋಗಬಾರದು. ನಾನು ಬೇಕೆಂತಲೇ ಜಗ್ಗಿ ಅವಳನ್ನು ಮುಗ್ಗರಿಸಿದರೆ, "ನೆಟ್ಟಗೆ ಹಿಡ್ಕೊಳ್ಳಲಾ, ಎತ್ತಿನ ಹಗ್ಗ ಏನ್ಲಾ ಇದು" ಅಂತ ಬೈಯುತ್ತಿದ್ದಳು. ಡ್ರೈವಿನಲ್ಲಿ ನಾನು ಸೆಟ್ ಮಾಡುವ ಅಂಕಿಗಳೆಲ್ಲ ಹೇಳುವುದು ಇದನ್ನೇ, ಎಷ್ಟು ಬೇಗ ಬಿಡಬೇಕು, ಎಷ್ಟು ಮೆಲ್ಲಗೆ ಎಳೆದುಕೊಳ್ಳಬೇಕು.

ಆ ಕಾರ್ಖಾನೆಯ ಯಜಮಾನರು ಕೃಷ್ಣಗಿರಿ ಕಡೆಯವರು. ಮನೆಯಲ್ಲಿ ತಮಿಳು, ಗಿರಾಕಿಗಳ ಹತ್ತಿರ ತೆಲುಗು, ನಮ್ಮ ಹತ್ತಿರ ಕನ್ನಡ, ಚೌಕಾಸಿಗೆ ಮೂರೂ. ಹಳೆಯ ಸುತ್ತುವ ಸಾಲು ತೆಗೆದು ಹೊಸದು ಹಾಕಲು ಹೊರಟರು. ಹಳೆಯದರ ವೇಗ ಸಾಲದು, ಹೊಸದು ನಿಮಿಷಕ್ಕೆ ನಾನೂರು ಮೀಟರಿಗೂ ಹೆಚ್ಚು ಓಡಬೇಕು. ಯಂತ್ರದ ಮೈಯನ್ನು ಬೇರೆ ಕಡೆಯಿಂದ ತರಿಸಿದರು, ಪ್ಯಾನೆಲ್ ಕೆಲಸಕ್ಕೆ, ಹಿಂದೆ ರಿಪೇರಿಗೆ ಬಂದು ಹೋಗುತ್ತಿದ್ದ ನನ್ನನ್ನು ಕರೆದರು. ರೇಟಿನ ಮಾತು ಎರಡು ಟೀ ಕಳೆದು ಮೂರನೆಯದಕ್ಕೆ ಬಂದಾಗ ಅವರು ಆಡಿದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು.

"ಸ್ಪೀಡ್ ಜಾಸ್ತಿ ತಂಬಿ. ಹಳೇ ಹೆಂಗಸ್ರು ಇದಕ್ಕೆ ಆಗಲ್ಲ. ಸಣ್ಣ ವಯಸ್ಸಿನವ್ರನ್ನ ಹಾಕ್ತೀನಿ. ವಯಸ್ಸಾದವ್ರು ಚೀಲ ಹೊಲಿಯೋ ಕಡೆ ಹೋಗ್ಲಿ."

ಚೀಲ ಹೊಲಿಯುವ ಕಡೆ ದಿನವಿಡೀ ನೆಲದ ಮೇಲೆ ಕುಳಿತು ಚೀಲ ಜೋಡಿಸಿ ಕೊಡಬೇಕು. ಅಕ್ಕನ ಮಂಡಿ ಮಡಿಸಿದರೆ ಏಳಲು ಕಂಬ ಬೇಕು. ಅಲ್ಲಿಗೆ ಕಳಿಸುವುದೂ ಒಂದೇ, ಮನೆಗೆ ಕಳಿಸುವುದೂ ಒಂದೇ. ಅದು ಅವರಿಗೆ ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿಟ್ಟುಕೊಳ್ಳುವ ಅವಸರ ಇರಲಿಲ್ಲ. ವ್ಯಾಪಾರ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಅದೇ ಜಾತಿಯ ಪ್ರಾಣಿ.

ಅದಕ್ಕೆ ಎರಡು ದಿನ ಹಿಂದೆಯಷ್ಟೇ, ಹೊಸ ಸಾಲಿನ ಸುದ್ದಿ ಕೇಳಿ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಹೆಂಡತಿ ಕೊಟ್ಟ ಕಾಫಿಯನ್ನು ಲೋಟದ ಅಂಚಿಗೆ ಊದುತ್ತ, "ನೀನು ಮಾಡ್ತೀಯಂತಲ್ಲೋ ಪ್ಯಾನೆಲ್ಲು?" ಅಂದಳು.

"ಇನ್ನೂ ಮಾತಾಗ್ಬೇಕು ಅಕ್ಕ."

"ನೀನೇ ಮಾಡು. ಅವ್ರು ಎಷ್ಟು ಎಳೆದ್ರೂ ಬಿಡ್ಬೇಡ. ನನ್ ತಮ್ಮ ಮಾಡಿದ್ ಮಿಷನ್ನ ನಾನು ಓಡಿಸ್ಬೇಕು ಕಣ್ಲಾ. ಒಂದಿನ ಆದ್ರೂ ಸೈ. ಆಮೇಲೆ ಕೂರ್ಸಿ ಮನೇಲಿ ಬೇಕಾದ್ರೆ."

ಒಂದು ದಿನ ಅಂದಳು. ಒಂದು ದಿನ ಅನ್ನುವವರು ಒಂದು ದಿನಕ್ಕೆ ಕೇಳುವುದಿಲ್ಲ, ಇದನ್ನು ಚೌಕಾಸಿ ಬಲ್ಲ ಯಾರಾದರೂ ಹೇಳುತ್ತಾರೆ. ಕೇಳುವಾಗ ಅವಳು ನನ್ನ ಮುಖ ನೋಡಲಿಲ್ಲ, ಲೋಟ ನೋಡುತ್ತಿದ್ದಳು.

ಹಾಗಾಗಿ ಯಜಮಾನರ ಮುಂದೆ ನಾನು ಟೀ ಕೆಳಗಿಟ್ಟು, "ಅಣ್ಣಾ, ಫಿಟ್ಟಿಂಗ್ ಚಾರ್ಜು ಬಿಡ್ತೀನಿ. ಟ್ರಯಲ್ ದಿನ ಒಂದು ಸಾಲು ಹಳಬರ ಕೈಗೆ ಕೊಡಿ. ನಮ್ಮಕ್ಕನಿಗೆ" ಅಂದೆ.

ಅವರು ನಕ್ಕರು. "ಅಕ್ಕಾನಾ? ಅದು ನಿಮ್ಮಕ್ಕಾನಾ? ಇಷ್ಟು ವರ್ಷ ಹೇಳ್ಲೇ ಇಲ್ಲ ಪಾ!"

"ಹೇಳಿದ್ರೆ ರೇಟ್ ಕಮ್ಮಿ ಮಾಡ್ಸ್ತಿದ್ರಿ."

"ಈಗ್ಲೂ ಕಮ್ಮಿ ಮಾಡಿಸ್ದೆ ಅಲ್ಲ?" ಅಂದರು. ಸತ್ಯವೇ. "ಸರಿ. ಒಂದು ಸಾಲು ಕೊಡ್ತೀನಿ. ಟೇಪು ಕಟ್ಟಾಗೋದು ಪಕ್ಕದ ಸಾಲಿಗಿಂತ ಜಾಸ್ತಿ ಇರಬಾರ್ದು. ಇದ್ರೆ ನಾನು ಹೇಳಿದ್ದೇ ಫೈನಲ್."

ಇದನ್ನು ನಾನು ಅಕ್ಕನಿಗೆ ಹೇಳಲಿಲ್ಲ. ಒಳ್ಳೆಯದು ಮಾಡುವಾಗ ಯಾಕೆ ಹೇಳಬೇಕು ಅನ್ನುವ ಗತ್ತು.

ಪ್ಯಾನೆಲ್ ಕಟ್ಟುವ ಮೊದಲು ಹಳೆಯ ಸಾಲಿನ ಎದುರು ಹೋಗಿ ನಿಂತು ನೋಡಿದೆ. ಅಕ್ಕ ಅಲ್ಲಿ ಕೆಲಸ ಮಾಡುವುದನ್ನು ಅಷ್ಟು ಹೊತ್ತು ನಾನು ಯಾವತ್ತೂ ನೋಡಿರಲಿಲ್ಲ. ಬಾಬಿನ್ ತುಂಬಿದಾಗ ಮೋಟಾರಿನ ಸ್ವಿಚ್ ಆರಿಸುತ್ತಾರೆ, ಆದರೆ ಭಾರದ ಬಾಬಿನ್ ತಟ್ಟನೆ ನಿಲ್ಲುವುದಿಲ್ಲ, ಸುತ್ತುತ್ತಲೇ ಇರುತ್ತದೆ. ಕಾಯಲು ಹೊತ್ತಿಲ್ಲ. ಅಲ್ಲಿನ ಹೆಂಗಸರೆಲ್ಲ ಅಂಗೈ ಒತ್ತಿ ನಿಲ್ಲಿಸುತ್ತಾರೆ. ಹಸು ಹಾಲು ಕೊಡುವಾಗ ಅಲುಗಾಡಿದರೆ ಪಕ್ಕೆಗೆ ಕೈಯಿಡುವ ಹಾಗೆ, ಮೆಲ್ಲಗೆ, ಇನ್ನೂ ಮೆಲ್ಲಗೆ, ನಿಂತಿತು. ಊಟದ ಹೊತ್ತಿಗೆ ಅಕ್ಕನ ಬಲಗೈ ಹಿಡಿದು ತಿರುಗಿಸಿ ನೋಡಿದೆ. ಹೆಬ್ಬೆರಳ ಬುಡದಲ್ಲಿ ಚರ್ಮ ಹಳೆಯ ಹಂಚಿನಂತೆ ನುಣ್ಣಗೆ ಹೊಳೆಯುತ್ತಿತ್ತು. ಅಲ್ಲಿ ರೇಖೆಗಳೇ ಇರಲಿಲ್ಲ.

"ಏನ್ಲಾ, ಕೈ ನೋಡಿ ಭವಿಷ್ಯ ಹೇಳ್ತೀಯಾ?"

"ಬಿಸಿ ಆಗಲ್ವಾ ಅಕ್ಕ?"

"ಮೊದಮೊದ್ಲು ಆಗ್ತಿತ್ತು. ಈಗ ಮುದ್ದೆ ಮುರಿಯೋವಾಗ್ಲೂ ಬಿಸಿ ಗೊತ್ತಾಗಲ್ಲ, ಒಳ್ಳೇದೇ ಆಯ್ತು" ಅಂತ ನಕ್ಕಳು.

ಪಕ್ಕದಲ್ಲಿ ಕೂತಿದ್ದ ಸಣ್ಣ ವಯಸ್ಸಿನ ಒಬ್ಬಳು, ಅಕ್ಕನ ಜೊತೆ ಅದೇ ವ್ಯಾನಿನಲ್ಲಿ ಬರುವವಳು, ತನ್ನ ಅಂಗೈಯನ್ನೂ ಚಾಚಿದಳು. ಅವಳದು ಇನ್ನೂ ಕೆಂಪಗಿತ್ತು. "ನಂದೂ ನೋಡಣ್ಣ. ನಂಗೆ ಗಂಡ ಯಾವಾಗ ಬತ್ತಾನೆ ಹೇಳು" ಅಂದಳು. ಇಡೀ ಸಾಲು ನಕ್ಕಿತು.

ಹಳೆಯ ವೇಗಕ್ಕೇ ಹೀಗಾದರೆ ಹೊಸ ವೇಗಕ್ಕೆ ಅಂಗೈ ಸುಟ್ಟೇಹೋಗುತ್ತದೆ. ಯಜಮಾನರು ಕೊಟ್ಟ ವಿವರದಲ್ಲಿ ಬ್ರೇಕು ಇರಲಿಲ್ಲ. ನಾನು ಹಾಕಿದೆ. ಬಾಬಿನ್ ತುಂಬಿದ ಕೂಡಲೇ ಮೋಟಾರೇ ತನ್ನನ್ನು ತಾನು ಹಿಡಿದುಕೊಳ್ಳುವ ಹಾಗೆ, ಟೇಪು ಜಗ್ಗದ ಹಾಗೆ, ಮೆಲ್ಲಗೆ ಶುರುವಾಗಿ ಕೊನೆಯಲ್ಲಿ ಗಟ್ಟಿಯಾಗುವ ಬ್ರೇಕು. ಎಷ್ಟು ಮೆಲ್ಲಗೆ, ಎಷ್ಟು ಗಟ್ಟಿ ಎನ್ನುವುದಕ್ಕೆ ನನ್ನ ಮನಸ್ಸಿನಲ್ಲಿದ್ದ ಅಳತೆ ಅಕ್ಕನ ಅಂಗೈಯೇ. ಶೆಡ್ಡಿನಲ್ಲಿ ಒಂದು ಬಾಬಿನ್ ಕಟ್ಟಿಕೊಂಡು ಮತ್ತೆ ಮತ್ತೆ ತಿರುಗಿಸಿ, ನಿಲ್ಲಿಸಿ, ಕಣ್ಣು ಮುಚ್ಚಿ ಅದರ ಸದ್ದು ಕೇಳಿದೆ. ಹೆಂಡತಿ ಬುತ್ತಿ ತಂದವಳು ನೋಡಿ, "ಇಷ್ಟು ಪ್ರೀತಿ ಮಿಕ್ಸಿ ರಿಪೇರಿಗೂ ಇದ್ದಿದ್ರೆ ಚಟ್ನಿ ತಿಂತಿದ್ರಿ" ಅಂದಳು.

ಪ್ಯಾನೆಲ್ ಕೂರಿಸಿ ವೈರಿಂಗ್ ಮುಗಿದದ್ದು ಆಯುಧ ಪೂಜೆಯ ಹಿಂದಿನ ದಿನ. ನಾನು ಖಾಲಿ ಓಡಿಸಿ ನೋಡಿದ್ದೆ, ಎಲ್ಲ ಸರಿಯಿತ್ತು. ಪೂಜೆಯ ದಿನ ನಾನು ನನ್ನ ಶೆಡ್ಡಿನಲ್ಲಿ ಸ್ಪ್ಯಾನರು, ಮೀಟರುಗಳಿಗೆ ಹೂವಿಟ್ಟುಕೊಂಡಿದ್ದೆ. ಅಲ್ಲಿ ಕಾರ್ಖಾನೆಯಲ್ಲಿ ಹೆಂಗಸರು ಹೊಸ ಸಾಲನ್ನು ಒರೆಸಿ, ವಿಭೂತಿ ಬಳಿದು, ಗಂಧದ ಮೇಲೆ ಕುಂಕುಮವಿಟ್ಟು, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಕಡಲೆಪುರಿ ಹಂಚಿಕೊಂಡು ಮನೆಗೆ ಹೋದರು. ರಜೆ ಕಳೆದು ಟ್ರಯಲ್.

ಟ್ರಯಲ್ ದಿನ ಬೆಳಿಗ್ಗೆ ಅಕ್ಕ ಹೊಸ ರವಿಕೆ ಹಾಕಿಕೊಂಡು ಬಂದಿದ್ದಳು. ತಲೆಗೆ ಕನಕಾಂಬರ. ಯಜಮಾನರು ಕುರ್ಚಿ ಹಾಕಿಸಿಕೊಂಡು ಕೂತರು, ಸೂಪರ್‌ವೈಸರು ಪಕ್ಕದಲ್ಲಿ ನಿಂತರು. ಟೇಪು ಹಚ್ಚಿದರು. ನಾನು ವೇಗ ಏರಿಸುತ್ತ ಹೋದೆ. ಸದ್ದು ಗುಂಯ್ ಎನ್ನುವುದರಿಂದ ಸುಯ್ ಎನ್ನುವುದಕ್ಕೆ ಬಂತು. ಆ ಸದ್ದು ಬಂದಾಗ ಒಳಗೆ ಆಗುವ ಖುಷಿ, ನಮ್ಮ ಕಸುಬಿನವರಿಗೆ ಮಾತ್ರ ಗೊತ್ತು.

ಹೆಚ್ಚು ಹೊತ್ತು ಉಳಿಯಲಿಲ್ಲ ಅದು. ಅಕ್ಕನ ಸಾಲಿನಲ್ಲಿ ಟೇಪು ಫಟ್ ಅಂತ ಹರಿಯಿತು. ಅವಳು ಗನ್ನು ಹಿಡಿದು ಓಡಿ, ತುದಿ ಹಿಡಿದು, ಹಚ್ಚಿದಳು. ಅಷ್ಟರಲ್ಲಿ ಕೆಳಗೊಂದು. ಅದನ್ನು ಹಚ್ಚುವಷ್ಟರಲ್ಲಿ ಪಕ್ಕದ್ದು. ಡ್ಯಾನ್ಸರ್ ತೋಳುಗಳು ಚಳಿಜ್ವರ ಬಂದವರಂತೆ ನಡುಗುತ್ತಿದ್ದವು. ಪಕ್ಕದ ಸಾಲಿನಲ್ಲಿ, ಕೆಂಪು ಅಂಗೈಯ ಹುಡುಗಿಯದು, ಒಂದೂ ಹರಿಯಲಿಲ್ಲ. ಅವಳು ಮಾಡಲು ಕೆಲಸವಿಲ್ಲದೆ ಅಕ್ಕನ ಕಡೆ ನೋಡುತ್ತ ನಿಂತಿದ್ದಳು. ಕೊನೆಗೆ ತಡೆಯಲಾರದೆ ಸಹಾಯಕ್ಕೆ ಬಂದಾಗ ಸೂಪರ್‌ವೈಸರು ಕೈಯೆತ್ತಿ ತಡೆದರು.

ಸಾಲಿನ ಮೇಲ್ತುದಿಗೆ ಅಕ್ಕ ಕೈಯೆತ್ತಿದಾಗ ಭುಜ ಪೂರ್ತಿ ಏಳಲಿಲ್ಲ, ತುದಿಗಾಲಲ್ಲಿ ನಿಂತು ಎಡಗೈಯಿಂದ ಬಲಗೈಯನ್ನು ಎತ್ತಿಕೊಂಡಳು. ಅವಳ ಭುಜ ಹೀಗಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕನಕಾಂಬರ ಜಾರಿ ಕಿವಿಯ ಮೇಲೆ ಬಂದಿತ್ತು. ಅವಳು ನನ್ನ ಕಡೆ ಒಮ್ಮೆ ನೋಡಿದಳು. ಬೈಗುಳ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ನನ್ನ ಮಿಷನ್ನನ್ನು ತಾನು ಕೆಡಿಸುತ್ತಿದ್ದೇನೆ ಎಂಬ ನಾಚಿಕೆ ಇತ್ತು ಆ ನೋಟದಲ್ಲಿ.

"ವಯಸ್ಸು ಸಾರ್" ಅಂದರು ಸೂಪರ್‌ವೈಸರು, ಮೆಲ್ಲಗೆ. ಕೆಟ್ಟ ಮನಸ್ಸಿನಿಂದಲ್ಲ.

ಯಜಮಾನರು ನನ್ನ ಕಡೆ ತಿರುಗಿ, "ಎನ್ನ ತಂಬಿ? ನಾನು ಮೊದ್ಲೇ ಹೇಳ್ದೆ ಅಲ್ವಾ?" ಅಂದರು.

"ಒಂದ್ನಿಮಿಷ ಅಣ್ಣಾ" ಅಂತ ಸಾಲು ನಿಲ್ಲಿಸಿ, ಟಾರ್ಚು ಹಿಡಿದು ಅಕ್ಕನ ಸಾಲಿನ ಹಿಂದೆ ನುಸುಳಿದೆ. ಒಂದೇ ನೋಟಕ್ಕೆ ಗೊತ್ತಾಯಿತು. ಪ್ರತಿ ತೋಳಿನ ಹಿಂದೆ, ಪ್ರತಿ ಸೆನ್ಸರಿನ ಮುಖದ ಮೇಲೆ, ಒಂದು ಬೊಟ್ಟು ಗಂಧ, ಅದರ ನಡುವೆ ಒಂದು ಬೊಟ್ಟು ಕುಂಕುಮ. ಮೇಲಿಂದ ಕೆಳಗೆ, ಒಂದನ್ನೂ ಬಿಟ್ಟಿಲ್ಲ. ಎಲ್ಲ ಒಂದೇ ಅಳತೆ, ಎಲ್ಲ ನಟ್ಟನಡುವೆ, ಮದುವೆ ಮನೆಯ ಬಾಗಿಲಿಗೆ ಇಟ್ಟ ಹಾಗೆ. ಬೇರೆ ಹೆಂಗಸರು ಪ್ಯಾನೆಲ್ಲಿನ ಬಾಗಿಲಿಗೆ ಒಂದು ಬೊಟ್ಟಿಟ್ಟು ಸುಮ್ಮನಾಗಿದ್ದರು. ಅಕ್ಕನಿಗೆ ಅದು ಸಾಕಾಗಿರಲಿಲ್ಲ, ಅವಳ ತಮ್ಮನ ಮಿಷನ್ನಲ್ಲವೇ. ಗ್ರೀಸು ಹತ್ತಿದ ಕಡೆ ಇಡಬಾರದು, ತಿರುಗುವ ಕಡೆ ಇಟ್ಟರೆ ಅಳಿಸಿಹೋಗುತ್ತದೆ. ಇಡೀ ಸಾಲಿನಲ್ಲಿ ಚೊಕ್ಕಟವಾಗಿ, ಅಲುಗಾಡದೆ, ಬೊಟ್ಟಿನಷ್ಟೇ ಅಗಲವಾಗಿದ್ದ ಜಾಗ ಅದೊಂದೇ. ಇಳಿವಯಸ್ಸಿನ ಭುಜ ಹೊತ್ತುಕೊಂಡು ಮೇಲ್ತುದಿಯವರೆಗೂ ಸ್ಟೂಲು ಹತ್ತಿ ಇಟ್ಟಿರಬೇಕು. ಒಣಗಿದ ಗಂಧದ ಹಿಂದಿನಿಂದ ಸೆನ್ಸರಿಗೆ ತೋಳು ಕಾಣಿಸುವುದಾದರೂ ಹೇಗೆ? ಕಂಡಂತೆ ಕಾಣದಂತೆ ಏನೋ ಹೇಳುತ್ತಿತ್ತು, ಮೋಟಾರು ಅದನ್ನು ನಂಬಿ ಒಮ್ಮೆ ಓಡುತ್ತಿತ್ತು, ಒಮ್ಮೆ ತಡೆಯುತ್ತಿತ್ತು.

ಆ ಕತ್ತಲ ಸಂದಿಯಲ್ಲಿ ನಾನು ಲೆಕ್ಕ ಹಾಕಿದೆ. ಇಂಥ ಲೆಕ್ಕದಲ್ಲಿ ನಾನು ಚುರುಕು. ಬೊಟ್ಟಿನಿಂದ ಆಯಿತು ಅಂದರೆ, 'ಹೊಸ ಮಿಷನ್ನು ಇವರ ಕೈಗೆ ಕೊಟ್ಟರೆ ಹೀಗೇ' ಅನ್ನುತ್ತಾರೆ. ಸುಮ್ಮನಿದ್ದರೆ ವಯಸ್ಸು ಅನ್ನುತ್ತಾರೆ. ಎರಡರಲ್ಲೂ ಅಕ್ಕ ಹೊರಗೆ. ಮೂರನೆಯದೊಂದೇ ಉಳಿಯಿತು. ಕರ್ಚೀಫಿಗೆ ನೀರು ಹಾಕಿ ಒಂದೊಂದನ್ನೇ ಒರೆಸಿದೆ. ಒರೆಸುವಾಗ ನನಗೆ ಯಾಕೋ ಕೈ ಓಡಲಿಲ್ಲ. ನನಗಾಗಿ ಅಷ್ಟು ಜತನದಿಂದ ಯಾರೂ ಏನನ್ನೂ ಇಟ್ಟಿರಲಿಲ್ಲ.

ಹೊರಗೆ ಬಂದು, "ಸೆಟ್ಟಿಂಗ್ ಮಿಸ್ಟೇಕು ಅಣ್ಣಾ. ನಂದೇ. ಈ ಸಾಲಿಗೆ ಹಾಕಿದ್ದು ತಪ್ಪಾಗಿತ್ತು" ಅಂದೆ.

ಯಜಮಾನರ ಕಣ್ಣು ಹೊಳೆಯಿತು. ಎದುರಿನವನು ಜಾರಿದ್ದನ್ನು ಬೆಕ್ಕಿನಂತೆ ಗುರುತಿಸುವವರು ಅವರು. "ನಿನ್ ತಪ್ಪಾ? ಹಂಗಾದ್ರೆ ನಾಳೆ ಇನ್ನೊಂದು ಸಾಲಲ್ಲಿ ಆಗಲ್ಲ ಅಂತ ಏನ್ ಗ್ಯಾರಂಟಿ? ರೆಂಡು ವರ್ಷ ಸರ್ವೀಸ್ ಫ್ರೀ. ಪಾರ್ಟ್ಸ್ ಸೇರಿ."

"ಸರಿ ಅಣ್ಣಾ."

ಅವರಿಗೇ ಗಾಬರಿಯಾಯಿತು. ನಾನು ಚೌಕಾಸಿಯಿಲ್ಲದೆ ಒಪ್ಪಿದ್ದನ್ನು ಅವರು ಅದುವರೆಗೆ ಕಂಡಿರಲಿಲ್ಲ.

ಮತ್ತೆ ಓಡಿಸಿದೆವು. ಸುಯ್ ಎನ್ನುವ ಸದ್ದು ಬಂತು, ಹಾಗೇ ಉಳಿಯಿತು. ತೋಳುಗಳು ತೊಟ್ಟಿಲಿನ ಮಗುವಿನಂತೆ ಸುಮ್ಮನಾದವು. ಅಕ್ಕನ ಸಾಲಿನಲ್ಲಿ ಮೊದಲ ಬಾಬಿನ್ ತುಂಬಿ ಬ್ರೇಕು ಹಿಡಿಯಿತು. ಅಭ್ಯಾಸಬಲದಿಂದ ಅವಳ ಅಂಗೈ ಮುಂದೆ ಹೋಯಿತು. ಕೈ ತಾಗುವ ಹೊತ್ತಿಗೆ ಬಾಬಿನ್ ನಿಂತೇಬಿಟ್ಟಿತ್ತು. ನಿಂತದ್ದರ ಮೇಲೆ ಕೈಯಿಟ್ಟುಕೊಂಡು ಅವಳು ಒಂದು ಗಳಿಗೆ ಹಾಗೇ ಇದ್ದಳು. "ಇದೇನ್ಲಾ, ಹೇಳೋಕ್ ಮುಂಚೇನೇ ನಿಂತ್ಕೊಬುಡ್ತು!" ಅಂದಳು.

ಟೀ ಹೊತ್ತಿಗೆ ಅಕ್ಕ ಕೈತೊಳೆದು ಬಂದವಳು ಎಂದಿನಂತೆ ಕೇಳದೆ ನನ್ನ ಜೇಬಿನಿಂದ ಕರ್ಚೀಫು ಎಳೆದಳು. ಒದ್ದೆ ಕರ್ಚೀಫಿನ ತುಂಬ ಕೆಂಪು. ಮೂಗಿಗೆ ಹಿಡಿದಳು, ಗಂಧದ ವಾಸನೆ. ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ಅಲ್ಲಿ ಇಡಬಾರದಿತ್ತಾ?"

"ಏನಿಲ್ಲ ಬಿಡಕ್ಕ."

"ಎರಡು ವರ್ಷ ಫ್ರೀ ಅಂತ ಒಪ್ಕೊಂಡ್ಯಲ್ಲ, ಇದಕ್ಕೇನಾ?" ಅಂದಳು. ನಾನು ಟೀ ಲೋಟ ತೊಳೆಯಲು ಎದ್ದೆ. ಅದನ್ನು ನೋಡಿ ಇನ್ನೂ ಏನೋ ಇದೆ ಅಂತ ಅವಳಿಗೆ ಗೊತ್ತಾಯಿತು. ಬಾಯಿ ಬಿಡಿಸಿದಳು. ಫಿಟ್ಟಿಂಗ್ ಚಾರ್ಜು ಬಿಟ್ಟದ್ದು, ಈ ಸಾಲು ಕೇಳಿ ಪಡೆದದ್ದು, ಎಲ್ಲ ಹೊರಬಂತು. ಕೇಳಿ ಅವಳ ಮುಖ ಸಣ್ಣದಾಯಿತು.

"ನನ್ ಜಾಗದ ವಿಚಾರ ನನ್ನೇ ಕೇಳ್ದೆ ಮಾತಾಡ್ಬುಟ್ಟೇನ್ಲಾ? ನಾನೇನು ಸಂತೆಗೆ ಹೊಡ್ಕೊಂಡ್ ಹೋದ ಕುರೀನಾ?"

ಅಷ್ಟು ಹೇಳಿ ಕರ್ಚೀಫು ಹಿಡಿದೇ ಯಜಮಾನರ ರೂಮಿನ ಕಡೆ ನಡೆದಳು. ನಾನು ಹಿಂದೆ ಓಡಿದೆ.

"ಸಾರ್, ಬೊಟ್ಟಿಟ್ಟಿದ್ದು ನಾನು. ಅದಕ್ಕೆ ಟೇಪು ಹರೀತು. ನಮ್ಮುಡುಗನ ಮಿಷನ್ಗೆ ಏನೂ ಆಗಿಲ್ಲ. ವಯಸ್ಸಿಗೂ ಆಗಿಲ್ಲ. ಬೇರೆವ್ರ ಸಾಲಲ್ಲೂ ಇಟ್ಟಿದ್ರೆ ಅವ್ರದ್ದೂ ಹರೀತಿತ್ತು."

ಯಜಮಾನರು ಕರ್ಚೀಫು ನೋಡಿದರು, ನನ್ನನ್ನು ನೋಡಿದರು, ಹೊಟ್ಟೆ ಕುಲುಕುವಂತೆ ನಕ್ಕರು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು, "ಸರಿಯಮ್ಮಾ. ಆದ್ರೆ ತಂಬಿ ಮಾತು ಕೊಟ್ಟಾಯ್ತು. ರೆಂಡು ವರ್ಷ ಅಂದ್ರೆ ರೆಂಡು ವರ್ಷ" ಅಂದರು.

"ಇರ್ಲಿ. ಮಾಡ್ಲಿ. ಅವ್ನು ಎರಡು ವರ್ಷ ಮಿಷನ್ ನೋಡ್ಕೊಳೋಕ್ ಬತ್ತಾನೆ, ನಾನು ಎರಡು ವರ್ಷ ಮಿಷನ್ ಓಡಿಸ್ತೀನಿ. ಎಲ್ಲಿ ಸದ್ದು ಬದಲಾಯ್ತು ಅಂತ ಅವನಿಗೆ ಹೇಳೋಕೆ ಒಬ್ರು ಬೇಡ್ವಾ? ಬ್ಯಾರೆಯವ್ರು ಹೇಳಿದ್ರೆ ಅವ್ನು ಕೇಳಲ್ಲ ಸಾರ್, ಸಣ್ಣೋನಿದ್ದಾಗಿಂದ ಹಂಗೇ."

ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಅವಳು ಬಿಡಲಿಲ್ಲ. "ಇನ್ನೊಂದು. ಮೇಲಿನ ಬಾಬಿನ್ನು ನಂಗಾಗಲ್ಲ. ಭುಜ ಏಳಲ್ಲ. ನೀವೇ ನೋಡಿದ್ರಿ, ಮುಚ್ಚಿಡೋದು ಯಾಕೆ. ಪಕ್ಕದ ಹುಡುಗೀದು ನಂದು ಎರಡೂ ಸಾಲಲ್ಲಿ ಕೆಳಗಿಂದು ನಾನು ನೋಡ್ಕೊತೀನಿ, ಮೇಲಿಂದು ಅವ್ಳು ನೋಡ್ಕೊಳ್ಲಿ. ನಂಗೆ ನೆಲಕ್ಕೆ ಕೂರೋಕಾಗಲ್ಲ, ಬಗ್ಗೋಕಾಗ್ತದೆ. ಅವ್ಳಿಗೂ ಬಗ್ಗೋ ಕೆಲಸ ತಪ್ತದೆ."

ಇಷ್ಟು ವರ್ಷ ಅಲ್ಲಿ ಒಬ್ಬರಿಗೆ ಒಂದು ಸಾಲು, ಮೇಲಿಂದ ಕೆಳಗಿನವರೆಗೆ. ಹಾಗೇ ನಡೆದುಬಂದಿತ್ತು, ಯಾಕೆ ಅಂತ ಯಾರೂ ಕೇಳಿರಲಿಲ್ಲ. ಯಜಮಾನರು ಮೇಜಿನ ಮೇಲೆ ಬೆರಳು ಬಡಿದು, "ಸರಿ, ಹಂಗೇ ಮಾಡಿ. ನಿಮ್ಮಿಬ್ರಲ್ಲಿ ಬಿಸಿನೆಸ್ ಯಾರಿಗೆ ಬರುತ್ತೆ ಅಂತ ಈಗ ಗೊತ್ತಾಯ್ತು ತಂಬಿ. ಮುಂದಿನ ಸಲ ರೇಟ್ ಮಾತಾಡೋಕೆ ಅಕ್ಕಾನ್ನೇ ಕಳ್ಸು, ಇಲ್ಲ, ಬೇಡ, ನೀನೇ ಬಾ" ಅಂದರು.

ಹೊರಗೆ ಬಂದಾಗ ಅವಳಿಗೆ ಕೋಪ ಇಳಿದಿರಲಿಲ್ಲ. ಕನಕಾಂಬರ ಸರಿಮಾಡಿಕೊಂಡು ಮುಂದೆ ನಡೆಯುತ್ತ, ತಿರುಗಿ ನೋಡದೆ, "ನಾಳೆ ಸರ್ವೀಸ್ಗೆ ಬಂದ್ರೆ ಊಟ ತರಬೇಡ" ಅಂದಳು.

ಆ ಎರಡು ವರ್ಷ ಮಿಷನ್ನು ಕೆಟ್ಟದ್ದು ಕಡಿಮೆ, ನಾನು ಹೋದದ್ದು ಹೆಚ್ಚು. ಒಂದು ಫ್ಯಾನು ಬದಲಾಯಿಸಿದೆ, ಕೆಲವು ಸೆನ್ಸರು, ಒಂದು ಡ್ರೈವು. ಆ ಡ್ರೈವು ಹೊಟ್ಟೆ ಉರಿಸಿತು, ಸುಳ್ಳು ಹೇಳುವುದಿಲ್ಲ. ಹೋದಾಗಲೆಲ್ಲ ಕ್ಯಾಂಟೀನಿನ ಹಿಂದಿನ ಹುಣಸೆಮರದ ಕಟ್ಟೆಯಲ್ಲಿ ಅಕ್ಕ ಎರಡನೆಯ ಡಬ್ಬಿ ಬಿಚ್ಚುತ್ತಿದ್ದಳು. ಮುದ್ದೆ, ಅವರೆಕಾಳು ಸಾರು, ಒಮ್ಮೊಮ್ಮೆ ಮೊಟ್ಟೆ. ಮದುವೆಯಾದ ಮೇಲೆ ಹಬ್ಬಕ್ಕೆ, ಸಾವಿಗೆ, ನಾಮಕರಣಕ್ಕೆ ಸೇರುತ್ತಿದ್ದ ನಾವಿಬ್ಬರು, ಏನೂ ವಿಶೇಷವಿಲ್ಲದ ದಿನ ಎದುರು ಬದುರು ಕೂತು ಉಂಡದ್ದು ಆಗಲೇ. ತಿನ್ನುತ್ತ ಅವಳು, "ಮೂರನೇ ಬಾಬಿನ್ ಕಡೆಯಿಂದ ಒಂದು ತರಾ ಕಿರಕ್ ಅಂತೈತೆ, ನೋಡ್ಬುಟ್ಟು ಹೋಗು" ಅನ್ನುತ್ತಿದ್ದಳು. ಕೆಲವು ಸಲ ನಿಜವಾಗಿ ಬೇರಿಂಗ್ ಹೋಗಿರುತ್ತಿತ್ತು. ಕೆಲವು ಸಲ ಏನೂ ಇರುತ್ತಿರಲಿಲ್ಲ. ನಾನು ಎರಡಕ್ಕೂ ಟೂಲ್ ಬಾಕ್ಸ್ ತೆಗೆದುಕೊಂಡು ಹೋಗುತ್ತಿದ್ದೆ.

ಎರಡು ವರ್ಷ ಮುಗಿದು ಈಗ ದುಡ್ಡಿನ ಸರ್ವಿಸ್. ರೇಟನ್ನು ಗಟ್ಟಿಯಾಗಿ ಮಾತಾಡಿದ್ದೇನೆ. ಅಕ್ಕ ಇನ್ನೂ ಹೋಗುತ್ತಾಳೆ. ಸಾಕೆನಿಸಿದ ದಿನ ತಾನೇ ಹೇಳುತ್ತೇನೆ, ಬೇರೆ ಯಾರೂ ಹೇಳಬಾರದು ಅಂತ ನನಗೂ ಯಜಮಾನರಿಗೂ ಒಟ್ಟಿಗೆ ಹೇಳಿಟ್ಟಿದ್ದಾಳೆ. ಪಕ್ಕದ ಸಾಲಿನ ಆ ಹುಡುಗಿಯ ಅಂಗೈಯ ಕೆಂಪು ಹೋಗಿದೆ.

ನೀವೂ ಇಂಥ ಕಸುಬಿನವರಾದರೆ, ಅಥವಾ ಅಂಗಡಿಗೋ ಅಡುಗೆಮನೆಗೋ ಏನನ್ನಾದರೂ ಕಟ್ಟಿಸುವವರಾದರೆ, ನನ್ನ ಮಾತು ಕೇಳಿ. ರೇಟು ಮಾತಾಡುವ ಮೊದಲು, ಅದರ ಮುಂದೆ ದಿನವಿಡೀ ನಿಲ್ಲುವವರನ್ನು ಕರೆಯಿರಿ. ಯಜಮಾನನ ಎದುರು ಕೇಳಬೇಡಿ, ನಿಜ ಹೇಳುವುದಿಲ್ಲ. ಟೀ ಹೊತ್ತಿಗೆ, ಮರದ ಕೆಳಗೆ ಕೇಳಿ. ಗೋಡೆಯ ಪಕ್ಕ ನಿಲ್ಲಿಸಿ ಕೈಯೆತ್ತಲು ಹೇಳಿ, ನೋವಿಲ್ಲದೆ ಎಲ್ಲಿಯವರೆಗೆ ಏಳುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಳ್ಳಿ. ಆ ಗೆರೆಗಿಂತ ಮೇಲೆ ಏನು ಇಟ್ಟರೂ ಅದಕ್ಕೆ ಬೇರೆ ಕೈ ಬೇಕು ಎಂದು ಮೊದಲೇ ಹೇಳಿಬಿಡಿ. ಹಾಗೆ ನಿಲ್ಲುವವರು ನಿಮ್ಮ ಮನೆಯವರೇ ಆಗಿದ್ದರೆ ಇನ್ನೂ ಜೋಪಾನ. ಅವರಿಗೆ ಒಳ್ಳೆಯದು ಮಾಡುವ ಮಾತನ್ನು ಅವರ ಬೆನ್ನ ಹಿಂದೆ ಆಡಬೇಡಿ. ಏನು ಬೇಕು, ಎಷ್ಟು ದಿನ ಬೇಕು, ಏನು ಆಗುವುದಿಲ್ಲ, ಮೂರನ್ನೂ ಅವರ ಬಾಯಿಂದಲೇ ಕೇಳಿಸಿಕೊಳ್ಳಿ, ಆಮೇಲೆ ಚೌಕಾಸಿಗೆ ಕೂರಿ. ಸಾಧ್ಯವಾದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಖರ್ಚು ಕಡಿಮೆಯಾಗುತ್ತದೆ.